ಸದ್ದಿಲ್ಲದ ಬೇಸಿಗೆ: ಬಳಕೆದಾರರ ಕೈಪಿಡಿ

ಈ ಕೈಪಿಡಿ ಯಾರಿಗೆ

ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ಓದಿ, ಕಾರಿನ ಬಿಡಿಭಾಗ ಮಾಡುವ ಯಾವುದೋ ಕಂಪನಿಯ ಕೃಪೆಯಿಂದ ಜರ್ಮನಿಯ ಸ್ಟುಟ್‌ಗಾರ್ಟ್ ಆಸುಪಾಸಿನ ಊರಿಗೆ ಬಂದು, ಜೂನ್ ತಿಂಗಳಲ್ಲಿ ಹೊಸ ಬೀದಿಯ ಬಾಡಿಗೆ ಮನೆಯಲ್ಲಿ ಹಾಲುಕ್ಕಿಸಿದವರಿಗೆ. ಕೋಲಾರ, ಮುಳಬಾಗಿಲು, ಶ್ರೀನಿವಾಸಪುರದವರೂ ಬಳಸಬಹುದು. ಅವರ ಕಿವಿ ನಮ್ಮಷ್ಟು ಪಳಗಿರುವುದಿಲ್ಲವಾದ್ದರಿಂದ ಫಲಿತಾಂಶ ಹೆಚ್ಚುಕಡಿಮೆ ಆದೀತು. ಬೆಂಗಳೂರಿನವರಿಗೆ ಬೇಡ. ಅವರು ಮೊದಲ ದಿನವೇ "ಎಷ್ಟು ಪೀಸ್‌ಫುಲ್ಲು!" ಎಂದು ಫೋಟೋ ಹಾಕಿ, ತಿಂಗಳೊಳಗೆ ಊರಿನ ಟ್ರಾಫಿಕ್ಕನ್ನು ನೆನೆದು ಕಣ್ಣೀರಿಡುತ್ತಾರೆ. ಅವರದು ಬೇರೆ ಕಾಯಿಲೆ.

ನಮ್ಮೂರಿನವರ ತೊಂದರೆಯೇ ಬೇರೆ. ನಾವು ಕಲ್ಲಿನ ಸದ್ದಿನಲ್ಲಿ ಬೆಳೆದವರು. ಬೀದಿಯ ಎರಡೂ ಬದಿ ಅರೆಬರೆ ದೇವರು: ಸೊಂಡಿಲು ಬಂದು ಕಣ್ಣಿನ್ನೂ ಬಾರದ ಗಣಪತಿ, ಸೊಂಟದವರೆಗೆ ಬಂಡೆಯೊಳಗೇ ಉಳಿದ ಲಕ್ಷ್ಮಿ, ಹೆಗ್ಗಡದೇವನಕೋಟೆ ಕಡೆಯಿಂದ ಲಾರಿಯಲ್ಲಿ ಬಂದಿಳಿದ ಕೃಷ್ಣಶಿಲೆಯ ದಿಮ್ಮಿ. ಬೆಳಕು ಹರಿದರೆ ಚಾಣದ ಟಿಣ್ ಟಿಣ್. ಅದರ ಮೇಲೆ ಈಗಿನ ಕಾಲದ ಕಟಿಂಗ್ ಮಷೀನಿನ ಕಿರುಚಾಟ. ಅದರ ಮೇಲೆ ಗುಡಿಯ ಮೈಕು. ಮಷೀನು ನಿಂತು ಬರೀ ಚಾಣದ ಸದ್ದು ಕೇಳಬೇಕಾದರೆ ಕರೆಂಟು ಹೋಗಬೇಕು. ಆದ್ದರಿಂದ ಬೀದಿ ಸುಮ್ಮನಾಯಿತೆಂದರೆ ನಮ್ಮ ತಲೆಗೆ ಹೊಳೆಯುವುದು ಎರಡೇ: ಒಂದೋ ಲೈನು ಹೋಗಿದೆ, ಇಲ್ಲವೇ ಯಾರೋ ಹೋಗಿದ್ದಾರೆ.

ಇಂಥ ಕಿವಿ ಹೊತ್ತು ಸ್ಟುಟ್‌ಗಾರ್ಟಿನ ಬೀದಿಗೆ ಬಂದವರು ಮುಂದಿನ ಪುಟಗಳನ್ನು ಓದದೆ ಬೇಸಿಗೆಯನ್ನು ಚಾಲೂ ಮಾಡಬಾರದು.

ಪೆಟ್ಟಿಗೆಯಲ್ಲಿ ಏನೇನಿದೆ

ಹದಿನಾರು ಗಂಟೆ ಬೆಳಕಿನ ಹಗಲು. ಜೂನ್ ಕೊನೆಯ ವಾರದಲ್ಲಿ ರಾತ್ರಿ ಒಂಬತ್ತೂವರೆಗೆ ಸೂರ್ಯ ಮುಳುಗುತ್ತಾನೆ. ಊಟ ಮುಗಿಸಿ ಬಾಲ್ಕನಿಗೆ ಬಂದರೆ ಇನ್ನೂ ಸಂಜೆ. ಕಿಟಕಿಗೊಂದೊಂದು ಹೊರಗಡೆಯ ಷಟರು. ಸುರಳಿ ಬಿಚ್ಚಿಕೊಂಡು ಇಳಿಯುವ ಇದನ್ನು ನೋಡಿ ಅಂಗಡಿ ಬಾಗಿಲೆಂದು ತಿಳಿಯಬೇಡಿ, ಇದೇ ಇಲ್ಲಿನ ಏಸಿ. ಹಗಲು ಇಳಿಸುವುದು, ರಾತ್ರಿ ಏರಿಸಿ ಕಿಟಕಿ ತೆರೆಯುವುದು. ಬೀದಿಯ ಕೊನೆಯಲ್ಲೊಂದು ಲಿಂಡನ್ ಮರ. ಜೂನಿನಲ್ಲಿ ಹೂಬಿಟ್ಟಾಗ ಅಡಿಯಲ್ಲಿ ನಿಲ್ಲಿಸಿದ ಕಾರಿನ ಮೇಲೆಲ್ಲ ಅಂಟು. ಮೇನಲ್ಲಿ ಬಂದು ಆಗಸ್ಟ್ ಆರಂಭಕ್ಕೆ ಆಫ್ರಿಕದ ದಾರಿ ಹಿಡಿಯುವ ಬಾನಾಡಿಗಳು. ಮಾಡಿನ ತುದಿಯಲ್ಲಿ ಕೂತು ಹಾಡುವ ಒಂದು ಕರಿ ಹಕ್ಕಿ. ಒಂದು ಚರ್ಚು, ಅದರ ಗಂಟೆ.

ಮಾವಿನ ಹಣ್ಣು ಪೆಟ್ಟಿಗೆಯಲ್ಲಿಲ್ಲ. ಶ್ರೀನಿವಾಸಪುರದ ಮಂಡಿಯಲ್ಲಿ ಬಾದಾಮಿ, ರಸಪೂರಿ, ಮಲ್ಲಿಕಾ ರಾಶಿ ಬಿದ್ದ ಹೊತ್ತಿಗೆ ಇಲ್ಲಿನ ಸೂಪರ್‌ಮಾರ್ಕೆಟ್ಟಿನಲ್ಲಿ ಸಮುದ್ರ ದಾಟಿ ಬಂದ, ಕಲ್ಲು ಪರೀಕ್ಷೆಗೂ ಒಡ್ಡಬಹುದಾದಷ್ಟು ಗಟ್ಟಿ ಹಣ್ಣು ಸಿಗುತ್ತದೆ. ಬದಲಿಗೆ ಸ್ಟ್ರಾಬೆರಿ, ಚೆರ್ರಿ ತಿನ್ನಿ. ಬಿಳಿ ಶತಾವರಿ ಮೊಳಕೆಯ ಊಟಕ್ಕೆ ಯಾರಾದರೂ ಕರೆದರೆ ಜೂನ್ 24ರೊಳಗೆ ಹೋಗಿ. ಸಂತ ಜಾನರ ಆ ದಿನಕ್ಕೆ ಇವರು ಅದನ್ನು ಕೀಳುವುದನ್ನು ನಿಲ್ಲಿಸುತ್ತಾರೆ. ಹೊಲದಲ್ಲಿ ಇನ್ನೂ ಇದ್ದರೂ ಸರಿಯೆ, ತಾರೀಖು ಎಂದರೆ ತಾರೀಖು.

ಜೋಡಣೆ

ಮೊದಲು ಹೆಸರು. ಇಲ್ಲಿ ಮನೆ ಗೊತ್ತಾಗುವುದು ಬಾಗಿಲ ನಂಬರಿನಿಂದಲ್ಲ. ಕರೆಗಂಟೆಯ ಮೇಲೂ ಅಂಚೆಪೆಟ್ಟಿಗೆಯ ಮೇಲೂ ಅಂಟಿಸಿದ ಮನೆತನದ ಹೆಸರಿನಿಂದ. ಮನೆತನದ ಹೆಸರೇ ಇಲ್ಲದ ನಾವು ಊರು, ಅಪ್ಪ, ಇಬ್ಬರನ್ನೂ ಇನಿಶಿಯಲ್ಲಿನಲ್ಲಿ ಅಡಗಿಸಿಕೊಂಡು ಬಂದವರು. ಪಾಸ್‌ಪೋರ್ಟ್ ಕಚೇರಿ ಅವರಿಬ್ಬರಲ್ಲಿ ಯಾರನ್ನು ಬಿಡಿಸಿ ಬರೆದಿದೆಯೋ ಅವರೇ ಇಲ್ಲಿ ಮನೆಯ ಯಜಮಾನರು. ಇನ್ನೂ ವಿಮಾನ ಹತ್ತದ ಅಪ್ಪ ಜರ್ಮನಿಯ ಬಾಗಿಲಲ್ಲಿ ಹಿತ್ತಾಳೆ ಅಕ್ಷರವಾಗಿ ನಿಲ್ಲುತ್ತಾರೆ. ಚೀಟಿ ಅಂಟಿಸದಿದ್ದರೆ ಟಪಾಲು ಬಂದ ದಾರಿ ಹಿಡಿಯುತ್ತದೆ, ಮರೆಯಬೇಡಿ. ಮನೆ ಬದಲಾದ ಎರಡು ವಾರದೊಳಗೆ ಪುರಸಭೆಯಲ್ಲಿ ನೋಂದಣಿಯೂ ಆಗಬೇಕು.

ಎರಡನೆಯದು ನೆರೆಹೊರೆಯ ಪರಿಚಯ. ಹೊಸದಾಗಿ ಬಂದವರೇ ಹೋಗಿ ಗಂಟೆ ಒತ್ತಬೇಕು. ಅವರಾಗಿ ಬಂದು "ಯಾವೂರು, ಯಾರ ಪೈಕಿ, ಸಂಬಳ ಎಷ್ಟು" ಎಂದು ವಿಚಾರಿಸುವವರೆಗೆ ಕಾದರೆ ನಿವೃತ್ತಿ ಬರುತ್ತದೆ. ಹೋಗುವಾಗ ಮೈಸೂರುಪಾಕು ಒಯ್ಯಬಹುದು. ಅವರು ತಟ್ಟೆಯನ್ನು ತೊಳೆದು ಹಿಂತಿರುಗಿಸುತ್ತಾರೆ, ಖಾಲಿಯಾಗಿ. ಖಾಲಿ ತಟ್ಟೆ ಅವಮಾನವಲ್ಲ. ಊರಿಗೆ ಫೋನು ಮಾಡಿದಾಗ ಅಮ್ಮನಿಗೆ ಮಾತ್ರ ಇದನ್ನು ಹೇಳಬೇಡಿ.

ಮೂರನೆಯದು ಕಸಬರಿಕೆ. ಇದು ಶ್ವಾಬಿಯಾ ಸೀಮೆ. ಮೆಟ್ಟಿಲು ಮತ್ತು ಮನೆ ಮುಂದಿನ ಕಾಲುದಾರಿಯನ್ನು ಗುಡಿಸುವ ಸರದಿ ವಾರಕ್ಕೊಂದು ಮನೆಯದು. ಸರದಿ ಬಂದವರ ಬಾಗಿಲಿಗೆ ಹಿಂದಿನ ವಾರದವರು ಒಂದು ಸಣ್ಣ ಹಲಗೆ ತೂಗುಹಾಕಿ ಹೋಗುತ್ತಾರೆ. ಈ ಪದ್ಧತಿಯ ಬೇರು ಸ್ಟುಟ್‌ಗಾರ್ಟಿನ 1492ರ ಊರ ಕಟ್ಟಳೆಯವರೆಗೆ ಹೋಗುತ್ತದೆ. ಕೊಲಂಬಸ್ ಹಡಗು ಹತ್ತಿದ ವರ್ಷವೇ ಇವರು ಕಸದ ಚಿಂತೆಗೆ ಬಿದ್ದಿದ್ದರು. ಹಲಗೆ ಕಂಡಾಗ ಗಾಬರಿ ಬೇಡ. ದಿನಾ ಬೆಳಿಗ್ಗೆ ಗುಡಿಸಿ, ನೀರು ಚಿಮುಕಿಸಿ, ರಂಗೋಲಿ ಇಡುವ ಮನೆಯಿಂದ ಬಂದವರಿಗೆ ವಾರಕ್ಕೊಮ್ಮೆ ಗುಡಿಸುವುದು ಸೋಮಾರಿತನವೆಂದೇ ಕಾಣಬೇಕು. ಗುಡಿಸುವಾಗ ಎದುರುಮನೆಯವರಿಗೆ ಕಾಣುವಂತೆ ಗುಡಿಸಿ. ಪರಿಚಯ ಬೆಳೆಯುವುದು ಮೈಸೂರುಪಾಕಿನಿಂದಲ್ಲ, ಕಸಬರಿಕೆಯಿಂದ.

ಕೆಲಸ ಮಾಡುವ ಬಗೆ

ಶಿಲ್ಪಶಾಸ್ತ್ರದವರು ಕಲ್ಲನ್ನು ಬಡಿದು, ಸದ್ದು ಕೇಳಿ ಆರಿಸುತ್ತಾರೆ. ಗಂಟೆಯ ನಾದ ಬಂದರೆ ಪುಂಶಿಲೆ, ಕಂಚಿನ ತಾಳದ ನಾದ ಬಂದರೆ ಸ್ತ್ರೀಶಿಲೆ. ಸದ್ದೇ ಹೊಮ್ಮದಿದ್ದರೆ ನಪುಂಸಕ ಶಿಲೆ, ವಿಗ್ರಹಕ್ಕೆ ಬರುವುದಿಲ್ಲ, ಅಡಿಪಾಯಕ್ಕೆ ಹಾಕು. ಹೊಸ ಬೀದಿಗೂ ಇದೇ ಪರೀಕ್ಷೆ. ಭಾನುವಾರ ಬೆಳಿಗ್ಗೆ ಬಾಲ್ಕನಿಯಲ್ಲಿ ನಿಂತು ಕೇಳಿ. ಏನೂ ಹೊಮ್ಮುವುದಿಲ್ಲ. ಹಾಗಾದರೆ ಇದು ಮೂರನೆಯ ಜಾತಿ ಎಂದು ನೀವು ತೀರ್ಮಾನಿಸುವ ಮೊದಲು ಒಳಗಿನ ಯಂತ್ರವನ್ನು ಬಿಚ್ಚಿ ತೋರಿಸಬೇಕು.

ಈ ನಿಶ್ಶಬ್ದ ತಾನಾಗಿ ಬಿದ್ದದ್ದಲ್ಲ, ತಯಾರಿಸಿದ್ದು. ಭಾನುವಾರ ಮತ್ತು ಹಬ್ಬದ ದಿನಗಳು ಕೆಲಸದಿಂದ ಬಿಡುವಿಗೆ ಹಾಗೂ ಮನಸ್ಸಿನ ಉನ್ನತಿಗೆ ಮೀಸಲೆಂದು 1919ರ ವೈಮರ್ ಸಂವಿಧಾನದ 139ನೇ ವಿಧಿ ಹೇಳಿತು. ಈಗಿನ ಸಂವಿಧಾನದ 140ನೇ ವಿಧಿ ಅದನ್ನು ಹಾಗೇ ಎತ್ತಿಟ್ಟುಕೊಂಡಿದೆ. ಅಂಗಡಿಗಳು ಮುಚ್ಚಿರುವುದು ಅದರಿಂದ. 2002ರ ಒಂದು ಕೇಂದ್ರ ನಿಯಮದ ಪ್ರಕಾರ ವಸತಿ ಬಡಾವಣೆಯಲ್ಲಿ ಹುಲ್ಲು ಕತ್ತರಿಸುವ ಯಂತ್ರವನ್ನು ಭಾನುವಾರ ಮುಟ್ಟುವಂತಿಲ್ಲ. ಉಳಿದ ದಿನ ರಾತ್ರಿ 8ರಿಂದ ಬೆಳಿಗ್ಗೆ 7ರವರೆಗೆ ಮುಟ್ಟುವಂತಿಲ್ಲ. ಎಲೆ ಊದುವ ಯಂತ್ರಕ್ಕಂತೂ ಕೆಲಸದ ದಿನಗಳಲ್ಲೂ ಬೆಳಿಗ್ಗೆ 9ರಿಂದ 1, ಮಧ್ಯಾಹ್ನ 3ರಿಂದ 5 ಮಾತ್ರ. ರಾತ್ರಿ ಹತ್ತರ ಮೇಲೆ ಮಾತು ಗೋಡೆ ದಾಟಬಾರದು. ಇವುಗಳ ಮೇಲೆ ಆಯಾ ಕಟ್ಟಡದ ಒಳನಿಯಮ: ಹಲವು ಕಡೆ ಮಧ್ಯಾಹ್ನ 1ರಿಂದ 3 ಮೌನ. ಖಾಲಿ ಬಾಟಲಿಗಳನ್ನು ಬೀದಿಯ ಗಾಜಿನ ತೊಟ್ಟಿಗೆ ಭಾನುವಾರ ಹಾಕಬಾರದೆಂದು ತೊಟ್ಟಿಯ ಮೇಲೇ ಬರೆದಿರುತ್ತದೆ, ಬಿದ್ದಾಗ ಸದ್ದಾಗುತ್ತದಲ್ಲ.

ನಮ್ಮ ಜಿಲ್ಲೆಯ ಕೆರೆಗಳಲ್ಲಿ ನೀರುಗಂಟಿ ತೂಬು ಎತ್ತಿ ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಹಂಚುತ್ತಿದ್ದನಲ್ಲ, ಈ ನಿಶ್ಶಬ್ದವೂ ಹಾಗೆ. ಎದುರುಮನೆಯಾತ ಡ್ರಿಲ್ಲು ಕೈಯಲ್ಲಿ ಹಿಡಿದು ಸೋಮವಾರಕ್ಕೆ ಕಾಯುತ್ತಿದ್ದಾನೆ. ಪಕ್ಕದ ಮನೆಯಾಕೆ ಪಿಯಾನೋ ಮುಚ್ಚಿದ್ದಾಳೆ. ಮೇಲಿನವರು ಚಪ್ಪಲಿ ಬಿಟ್ಟು ಓಡಾಡುತ್ತಿದ್ದಾರೆ. ನೀವು ಕೇಳಿಸಿಕೊಳ್ಳುತ್ತಿರುವುದು ಇವರೆಲ್ಲರ ತಡೆದುಕೊಂಡ ಕೈಗಳನ್ನು. ಇಷ್ಟು ತಿಳಿದ ಮೇಲೆ ಬಾಲ್ಕನಿಯಲ್ಲಿ ಕುಳಿತಾಗ ಒಬ್ಬಂಟಿ ಎನ್ನಿಸುವುದು ಕಡಿಮೆಯಾಗುತ್ತದೆ. ಜನ ಇಲ್ಲದ್ದರಿಂದ ಬಂದ ಮೌನ ಬೇರೆ, ಜನ ಸೇರಿ ಕಾದ ಮೌನ ಬೇರೆ. ನಮ್ಮೂರಿನಲ್ಲಿ ಕರೆಂಟು ಹೋದಾಗ ಸಿಕ್ಕುತ್ತಿದ್ದದ್ದಕ್ಕೆ ಯಾರೂ ಏನೂ ಬಿಟ್ಟುಕೊಟ್ಟಿರಲಿಲ್ಲ.

ಹಾಗೆಂದು ಯಂತ್ರದಲ್ಲಿ ದೋಷವಿಲ್ಲವೆಂದಲ್ಲ. ಶಿಶುವಿಹಾರ, ಆಟದ ಬಯಲುಗಳ ಮಕ್ಕಳ ಗಲಾಟೆಯನ್ನು ಸಾಮಾನ್ಯವಾಗಿ ಹಾನಿಕರ ಸದ್ದೆಂದು ಪರಿಗಣಿಸಬಾರದು ಎಂದು ಹೇಳಲು ಈ ದೇಶ 2011ರಲ್ಲಿ ಕಾನೂನು ತಿದ್ದಬೇಕಾಯಿತು. ಅಂದರೆ ಅದಕ್ಕೆ ಮೊದಲು ಮಕ್ಕಳ ನಗುವಿನ ಮೇಲೂ ಜನ ಕೋರ್ಟಿಗೆ ಹೋಗುತ್ತಿದ್ದರು. ಮೌನವನ್ನು ಇಷ್ಟು ಅಚ್ಚುಕಟ್ಟಾಗಿ ಕಾಯುವ ಊರುಗಳಲ್ಲಿ ಅದನ್ನು ಕೋಲಿನಂತೆ ಬೀಸುವವರೂ ಇಬ್ಬರು ಮೂವರು ಇದ್ದೇ ಇರುತ್ತಾರೆ. ಮೆಟ್ಟಿಲ ಕೆಳಗಿನ ಫಲಕಕ್ಕೆ ಸಹಿಯಿಲ್ಲದ ಚೀಟಿ ಅಂಟಿಸುವುದು ಇವರೇ. ಓದಿ, ತೆಗೆಯದೆ ಬಿಡಿ. ಅದರ ಮೇಲೆ ಇನ್ನೊಬ್ಬರು ಉತ್ತರ ಬರೆಯುತ್ತಾರೆ. ಬೀದಿಯ ಸಾಹಿತ್ಯ ಬೆಳೆಯಲಿ.

ಕುಕ್ಕರು, ಮಿಕ್ಸಿ ಇತ್ಯಾದಿ

ದಿನಬಳಕೆಯ ಅಡುಗೆಮನೆ ಸದ್ದಿಗೆ ಇಲ್ಲಿ ಯಾರ ಅಡ್ಡಿಯೂ ಇಲ್ಲ. ಆದರೆ ಭಾನುವಾರ ಬೆಳಿಗ್ಗೆ ಇಡೀ ಬೀದಿ ಉಸಿರು ಹಿಡಿದಿರುವಾಗ ಕುಕ್ಕರಿನ ಮೂರು ಸೀಟಿ ಎಲ್ಲಿಯವರೆಗೆ ಕೇಳುತ್ತದೆಂಬುದು ಕೂಗಿದ ಮೇಲಷ್ಟೇ ತಿಳಿಯುವ ವಿಷಯ. ಸೀಟಿಗೆ ಮೊದಲೇ ಉರಿ ತಗ್ಗಿಸುವುದು ಒಂದು ಉಪಾಯ. ಬೇಳೆಯನ್ನು ಶನಿವಾರವೇ ಬೇಯಿಸಿಡುವುದು ಇನ್ನೊಂದು. ಮಿಕ್ಸಿಯ ಅಡಿಗೆ ದಪ್ಪ ಟವೆಲು ಮಡಿಸಿ ಹಾಕಿ. ಚಟ್ನಿಯನ್ನು ಒರಳಿನಲ್ಲಿ ಕುಟ್ಟುತ್ತೇನೆ ಎಂಬ ಜಾಣತನ ಬೇಡ, ಕೆಳಗಿನ ಮನೆಯವರಿಗೆ ಅದು ಮಿಕ್ಸಿಗಿಂತ ಚೆನ್ನಾಗಿ ಕೇಳುತ್ತದೆ.

ಒಗ್ಗರಣೆಗೆ ಸದ್ದು ಕಡಿಮೆ, ಘಾಟು ಹೆಚ್ಚು. ಬೇಸಿಗೆಯಲ್ಲಿ ಎಲ್ಲರ ಕಿಟಕಿಯೂ ತೆರೆದಿರುತ್ತದೆ. ಒಣಮೆಣಸಿನಕಾಯಿ ಎಣ್ಣೆಗೆ ಬಿದ್ದು ಎರಡು ನಿಮಿಷಕ್ಕೆ ಬೀದಿಯಲ್ಲಿ ಎಲ್ಲೆಲ್ಲಿ ಜನ ವಾಸವಿದ್ದಾರೆಂಬುದು ಕೆಮ್ಮಿನಿಂದ ಖಚಿತವಾಗುತ್ತದೆ. ಮನೆಗಳು ಖಾಲಿಯೋ ಎಂಬ ಅನುಮಾನ ಇದ್ದವರಿಗೆ ಇದು ಒಳ್ಳೆಯ ಪರೀಕ್ಷೆ.

ಊರಿಗೆ ಫೋನು ಮಾಡುವಾಗ ಗಡಿಯಾರದ ಲೆಕ್ಕ: ಬೇಸಿಗೆಯಲ್ಲಿ ನಾವು ಮೂರೂವರೆ ಗಂಟೆ ಹಿಂದೆ. ಇಲ್ಲಿ ಬೆಳಗಿನ ಒಂಬತ್ತೆಂದರೆ ಅಲ್ಲಿ ಹನ್ನೆರಡೂವರೆ, ಮಷೀನುಗಳು ಇನ್ನೂ ಓಡುತ್ತಿರುತ್ತವೆ. ಸಂಭಾಷಣೆ ಸಾಮಾನ್ಯವಾಗಿ ಹೀಗೆ ಸಾಗುತ್ತದೆ:

"ಏನೋ, ಯಾಕ್ ಹಂಗೆ ಗುಸುಗುಸು ಅಂತೀಯ? ಮನೇಲಿ ಯಾರಾದ್ರೂ ಮಲಗವ್ರಾ?"

"ಇಲ್ಲಮ್ಮ, ಇವತ್ತು ಭಾನುವಾರ."

"ಭಾನುವಾರ ಆದ್ರೆ ಗಂಟಲು ಕಟ್ಕೊಳ್ತದಾ? ಜೋರಾಗ್ ಹೇಳಪ್ಪ, ಇಲ್ಲಿ ಮಿಷಿನ್ ಸದ್ದು."

ಇಲ್ಲಿ ಜೋರಾಗಿ ಹೇಳಬೇಡಿ. ಸ್ಪೀಕರನ್ನು ಮುಚ್ಚಿ, ಅಮ್ಮನನ್ನು ಮಾತಾಡಲು ಬಿಡಿ. ಆ ಮಾತಿನ ಹಿಂದೆ ಕಲ್ಲು ಕೊಯ್ಯುವ ಸದ್ದು ಬರುತ್ತಿರುತ್ತದೆ, ಅದನ್ನು ಕೇಳಿಸಿಕೊಳ್ಳಿ. ಹೊರಗಿನ ನಿಶ್ಶಬ್ದ ಸಹಿಸಲು ಅಷ್ಟು ಸಾಕು, ಒಂದು ವಾರ ಬರುತ್ತದೆ.

ಹತ್ತು ಗಂಟೆಗೆ ಚರ್ಚಿನ ಗಂಟೆ ಶುರುವಾದಾಗ ಬೆಚ್ಚಿ ಬೀಳದಿರಿ. ಬಾಟಲಿ ಬೀಳುವ ಸದ್ದಿಗೆ ತಡೆ ಹಾಕಿದ ಊರು ಕಂಚಿನ ಗಂಟೆಗಳನ್ನು ಒಟ್ಟಿಗೆ ಬಾರಿಸಿ ಎದೆ ನಡುಗಿಸುತ್ತದೆ. ಯಾರೂ ಚೀಟಿ ಅಂಟಿಸುವುದಿಲ್ಲ. ಆ ಹೊತ್ತಿಗೆ ಮಿಕ್ಸಿ ಹಾಕಿಕೊಳ್ಳುವ ಚಾಣಾಕ್ಷರು ನಮ್ಮವರಲ್ಲಿದ್ದಾರೆ.

ಹೆಚ್ಚುವರಿ ಭಾಗ: ಅಪ್ಪ ಅಮ್ಮ

ಇವು ಪ್ರತ್ಯೇಕವಾಗಿ ಬರುತ್ತವೆ. ವೀಸಾ ಪ್ರಕಾರ 180 ದಿನದಲ್ಲಿ 90 ದಿನ ಮಾತ್ರ ಜೋಡಿಸಿಡಬಹುದು.

ಅಮ್ಮನ ಮಟ್ಟಿಗೆ ಹೆಚ್ಚು ಸೂಚನೆ ಬೇಕಿಲ್ಲ. ಭಾಷೆ ಬಾರದೆಯೇ ಮೂರನೇ ದಿನಕ್ಕೆ ಪಕ್ಕದ ಮನೆಯ ಅಜ್ಜಿಯ ಟೊಮೆಟೊ ಗಿಡಕ್ಕೆ ಕೋಲು ಕಟ್ಟಿಕೊಡುತ್ತಾರೆ. ಖಾಲಿ ತಟ್ಟೆಯ ಸಮಸ್ಯೆಯನ್ನೂ ಅವರೇ ಬಗೆಹರಿಸುತ್ತಾರೆ, ಹೇಗೆಂದು ಯಾರಿಗೂ ತಿಳಿಯುವುದಿಲ್ಲ. ಒಂದು ದಿನ ತಟ್ಟೆಯಲ್ಲಿ ಚೆರ್ರಿ ಕೇಕು ಬಂದಿರುತ್ತದೆ.

ಅಪ್ಪನದು ಕಷ್ಟ. ಜೀವಮಾನವಿಡೀ ಕಲ್ಲಿನ ಮುಂದೆ ಕುಳಿತ, ಕೊನೆಯ ಹದಿನೈದಿಪ್ಪತ್ತು ವರ್ಷ ಮಷೀನು ಹಿಡಿದ ಕಿವಿ ಅದು. ಸ್ವಲ್ಪ ಮಂದವಾಗಿರುತ್ತದೆ, ಒಳಗೆ ಒಂದು ಗುಂಯ್‌ಗುಡುವಿಕೆ ಸದಾ ಇರುತ್ತದೆ. ಹೊರಗೆ ಸದ್ದಿರುವ ಊರಲ್ಲಿ ಆ ಗುಂಯ್ ತಿಳಿಯುತ್ತಿರಲಿಲ್ಲ. ಇಲ್ಲಿ ರಾತ್ರಿಯೆಲ್ಲ ಅದೇ ಕೇಳುತ್ತದೆ. ಫ್ಯಾನು ಕೊಂಡುತನ್ನಿ. ಸೆಕೆ ಇಲ್ಲದಿದ್ದರೂ ಹಾಕಿಡಿ. ಮೌನ ಎಲ್ಲರಿಗೂ ಒಂದೇ ಬೆಲೆಗೆ ಸಿಗುವುದಿಲ್ಲ ಎಂದು ಕಂಪನಿಯವರು ತಮ್ಮ ಜಾಹೀರಾತಿನಲ್ಲಿ ಹೇಳಿಲ್ಲ. ನಮ್ಮ ಬೀದಿಯ ದೂಳಿನಲ್ಲಿ ಮುಖಕ್ಕೆ ಟವೆಲು ಕಟ್ಟಿ ಕುಳಿತವರು ಕೆತ್ತಿದ ದೇವರು ದೇಶದಾಚೆಯ ಗುಡಿಗಳಲ್ಲೂ ತಣ್ಣಗೆ ನಿಂತಿದ್ದಾರೆ. ಕೆತ್ತಿದ ಸದ್ದು ಮಾತ್ರ ಕೆತ್ತಿದವನ ಕಿವಿಯಲ್ಲೇ ಉಳಿಯಿತು.

ಬೆಳಿಗ್ಗೆ ವಾಕಿಂಗ್ ಹೋದಾಗ ಅಪ್ಪ ಕೇಳುತ್ತಾರೆ: "ಈ ಮನೆಗಳಲ್ಲಿ ಜನ ಅವ್ರೇನಪ್ಪ, ಇಲ್ಲ ಎಲ್ಲಾ ಸೇಲಿಗೆ ಇಟ್ಟವ್ರಾ?" ಉತ್ತರ ಹೇಳುತ್ತ ಕೂರಬೇಡಿ. ವಾರದ ನಡುವೆ ಒಂದು ದಿನ ರಜೆ ಹಾಕಿ ಉಲ್ಮ್‌ಗೆ ರೈಲು ಹತ್ತಿಸಿ. ಸ್ಟುಟ್‌ಗಾರ್ಟಿನಿಂದ ಸುಮಾರು ಒಂದು ಗಂಟೆಯ ದಾರಿ. 2023ರಲ್ಲಿ 49 ಯೂರೋಗೆ ಶುರುವಾಗಿ ಆಮೇಲೆ ಏರುತ್ತ ಬಂದ ತಿಂಗಳ ಪಾಸು ಇದ್ದರೆ ಸ್ಥಳೀಯ ರೈಲಿಗೆ ಬೇರೆ ಟಿಕೆಟ್ ಬೇಡ.

ಉಲ್ಮ್‌ನ ದೊಡ್ಡ ಚರ್ಚಿಗೆ ಅಡಿಗಲ್ಲು ಬಿದ್ದದ್ದು 1377ರಲ್ಲಿ. ಗೋಪುರ ಮುಗಿದದ್ದು 1890ರಲ್ಲಿ, 161.53 ಮೀಟರ್. ಐನೂರು ವರ್ಷ ಮೀರಿ ನಡೆದ ಕೆಲಸ. ಮುಗಿದ ಮೇಲೂ ಮುಗಿದಿಲ್ಲ: ಮಳೆ, ಹಿಮ, ಹೊಗೆಗೆ ತಿಂದುಹೋದ ಕಲ್ಲುಗಳನ್ನು ತೆಗೆದು ಹೊಸದು ಕೆತ್ತಿ ಕೂರಿಸುವ ಶಿಲ್ಪಿಗಳ ಕಾರ್ಯಾಗಾರ ಚರ್ಚಿಗೇ ಸೇರಿದಂತೆ ಇಂದಿಗೂ ಇದೆ. ಯುರೋಪಿನ ಇಂಥ ಕಾರ್ಯಾಗಾರಗಳ ಪರಂಪರೆಯನ್ನು ಯುನೆಸ್ಕೊ 2020ರಲ್ಲಿ ತನ್ನ ಪಟ್ಟಿಗೆ ಸೇರಿಸಿತು. ಗೋಪುರಕ್ಕೆ 768 ಮೆಟ್ಟಿಲು. ಅಪ್ಪನನ್ನು ಹತ್ತಿಸುವ ಸಾಹಸ ಬೇಡ, ಅವರಿಗೆ ಬೇಕಾದದ್ದು ಕೆಳಗೇ ಇದೆ. ಗೋಡೆಯ ಮೇಲೆ ಹೆಬ್ಬೆರಳು ಸವರುತ್ತಾರೆ. "ಮೆತ್ತನೆ ಕಲ್ಲು," ಎನ್ನುತ್ತಾರೆ, "ನಮ್ಮ ಕೃಷ್ಣಶಿಲೆ ಮುಂದೆ ಬೆಣ್ಣೆ. ಆದ್ರೂ ಕೈ ಚೆನ್ನಾಗದೆ." ರಿಪೇರಿ ಕೆಲಸಕ್ಕೆ ಕೊನೆಯೇ ಇಲ್ಲವೆಂದು ವಿವರಿಸಿದಾಗ ಸ್ವಲ್ಪ ಹೊತ್ತು ತಲೆಯೆತ್ತಿ ನೋಡಿ, "ಪುಣ್ಯವಂತರು. ಆರ್ಡರ್‌ಗೆ ಕಾಯೋ ಹಂಗಿಲ್ಲ," ಎಂದುಬಿಡುತ್ತಾರೆ. ಅದೃಷ್ಟವಿದ್ದು ಒಳಗಿಂದ ಚಾಣದ ಸದ್ದು ಕೇಳಿಬಂದರೆ, ಅಪ್ಪ ಅಲ್ಲಿಂದ ಹೊರಡುವ ಹೊತ್ತಿಗೆ ನಿಮ್ಮ ವಾಪಸ್ ರೈಲು ತಪ್ಪಿರುತ್ತದೆ. ಮುಂದಿನದಕ್ಕೆ ಬನ್ನಿ.

ಓದಿದವರು ಬಂದರೆ ಟ್ಯೂಬಿಂಗನ್ ತೋರಿಸಿ. ಮಂಗಳೂರಿನಲ್ಲಿ 1894ರಲ್ಲಿ ಅಚ್ಚಾದ ಕನ್ನಡ–ಇಂಗ್ಲಿಷ್ ನಿಘಂಟಿನ ಕಿಟೆಲ್ ಕೊನೆಯ ದಿನಗಳನ್ನು ಕಳೆದದ್ದು ಅಲ್ಲಿ, ತೀರಿಕೊಂಡದ್ದು 1903ರಲ್ಲಿ. ನಮ್ಮ ಸೀಮೆಯ ಗದ್ದಲದಿಂದ ಸುಮಾರು 70,000 ಪದ ಹೊತ್ತು ಈ ನಿಶ್ಶಬ್ದಕ್ಕೆ ವಾಪಸು ಬಂದ ಮನುಷ್ಯ ಭಾನುವಾರಗಳನ್ನು ಹೇಗೆ ಕಳೆದರೋ.

ದೋಷ ನಿವಾರಣೆ

ಮಧ್ಯರಾತ್ರಿ ಕಿವಿಯಲ್ಲಿ ಟಿಣ್ ಟಿಣ್ ಕೇಳುತ್ತಿದ್ದರೆ: ನಲ್ಲಿ ನೋಡಿ. ನಲ್ಲಿ ಸರಿಯಿದ್ದರೆ ಊರಿಗೆ ಟಿಕೆಟ್ ನೋಡಿ.

ಬೀದಿಯಲ್ಲಿ ಯಾರೂ ಕಾಣದಿದ್ದರೆ: ತಿಂಗಳು ಯಾವುದು ನೋಡಿಕೊಳ್ಳಿ. ಈ ರಾಜ್ಯದ ಶಾಲೆಗಳಿಗೆ ಜುಲೈ ಕೊನೆಯಿಂದ ಸೆಪ್ಟೆಂಬರ್ ಎರಡನೇ ವಾರದವರೆಗೆ ರಜೆ. ಬೀದಿಗೆ ಬೀದಿಯೇ ಇಟಲಿಗೋ ಸ್ಪೇನಿಗೋ ಹೋಗಿ ಅಲ್ಲಿ ಗಲಾಟೆ ಮಾಡುತ್ತಿರುತ್ತದೆ. ಹೋಗುವ ಮುನ್ನ ಹೂಕುಂಡಗಳಿಗೆ ನೀರು ಹಾಕಲು ಕೀಲಿಕೈ ನಿಮ್ಮ ಕೈಗೆ ಕೊಟ್ಟರೆ, ಜೋಡಣೆ ಸರಿಯಾಗಿದೆ ಎಂದರ್ಥ. ಬೇರೆ ಪರೀಕ್ಷೆ ಬೇಡ.

ಮನೆ ಕಾದ ಹೆಂಚಾದರೆ: ಷಟರು ಇಳಿಸುವುದನ್ನು ಮರೆತಿದ್ದೀರಿ. ಕೋಲಾರದ ಏಪ್ರಿಲ್ ಕಂಡವರಿಗೆ ಮೂವತ್ನಾಲ್ಕು ಡಿಗ್ರಿ ಯಾವ ಲೆಕ್ಕ ಎಂಬ ಜಂಬವೂ ಬೇಡ. ಚಳಿ ಹೊರಹೋಗದಂತೆ ಕಟ್ಟಿದ ಮನೆ ಬಿಸಿಯನ್ನೂ ಹೊರಬಿಡುವುದಿಲ್ಲ.

ಕನ್ನಡ ಜೋರಾಗಿ ಮಾತಾಡಬೇಕೆನ್ನಿಸಿದರೆ: ಕಾಡಿಗೆ ಹೋಗಿ. ಊರಂಚಿಗೇ ಇರುತ್ತದೆ. ಅಲ್ಲಿ ಮಾತಾಡಿಕೊಂಡು ನಡೆದರೆ ಎದುರಾದವರು ನಮಸ್ಕಾರ ಹೇಳಿ ಮುಂದೆ ಹೋಗುತ್ತಾರೆ.

ಗ್ಯಾರಂಟಿ

ಈ ಬೇಸಿಗೆಗೆ ಗ್ಯಾರಂಟಿ ಇಲ್ಲ. ಜುಲೈನಲ್ಲಿ ಸ್ವೆಟರು ಹಾಕುವಂತಾದರೆ ಕಂಪನಿ ಹೊಣೆಯಲ್ಲ. ಕೆಟ್ಟರೆ ಬಿಡಿಭಾಗ ಸಿಗುವುದಿಲ್ಲ, ಮುಂದಿನ ಮೇ ತನಕ ಕಾಯಬೇಕು.

ಚಳಿಗಾಲಕ್ಕೆ ಬೇರೆ ಕೈಪಿಡಿ ಇದೆ, ಬೆಲೆಯೂ ಹೆಚ್ಚು. ಸಂಜೆ ನಾಲ್ಕೂವರೆಯ ಕತ್ತಲೆಯೇ ಅದರಲ್ಲಿ ಅರ್ಧ ಪುಸ್ತಕ. ಒಂದು ಪುಟವನ್ನು ಮಾತ್ರ ಇಲ್ಲಿ ಮುಂಚಿತವಾಗಿ ಕೊಡುತ್ತಿದ್ದೇವೆ, ಮೊದಲ ವರ್ಷದವರಿಗೆ ಎದೆ ಒಡೆಯಬಾರದೆಂದು. ಡಿಸೆಂಬರ್ 31ರ ರಾತ್ರಿ ಪಟಾಕಿ ಹೊಡೆಯಲು ಇಲ್ಲಿ ಸಾಮಾನ್ಯ ಜನರಿಗೆ ಅನುಮತಿಯಿದೆ. ಬಾಟಲಿ ಸದ್ದಿಗೆ ಚೀಟಿ ಬರೆದವರು, ಚಪ್ಪಲಿ ಬಿಟ್ಟು ಓಡಾಡಿದವರು, ಡ್ರಿಲ್ಲು ಹಿಡಿದು ಸೋಮವಾರಕ್ಕೆ ಕಾದಾತ, ಎಲ್ಲರೂ ಹನ್ನೆರಡು ಹೊಡೆಯುತ್ತಲೇ ಬೀದಿಗಿಳಿದು ರಾಕೆಟ್ಟಿಗೆ ಬೆಂಕಿ ಕೊಡುತ್ತಾರೆ. ಇಡ್ಲಿಗೆ ರುಬ್ಬುವುದಿದ್ದರೆ ಆ ರಾತ್ರಿಗೆ ಇಟ್ಟುಕೊಳ್ಳಿ.